ಆಷಾಢದ ರಿಯಾಯಿತಿ, ಶ್ರಾವಣದ ಲೆಕ್ಕ

ಆಷಾಢದಲ್ಲಿ ನಮ್ಮ ಕಡೆ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಬಟ್ಟೆ ಅಂಗಡಿಗಳಲ್ಲಿ ಗಿರಾಕಿಗಳು ಕಡಿಮೆ. ಅದಕ್ಕೇ ಬೆಂಗಳೂರಿನ ಚಿಕ್ಕಪೇಟೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಸೀರೆ ಅಂಗಡಿಯವರೆಗೆ ಎಲ್ಲೆಡೆ ರಿಯಾಯಿತಿಯ ಬೋರ್ಡು ಬೀಳುತ್ತದೆ. ಶ್ರಾವಣದಲ್ಲಿ ಮಗಳ ಮದುವೆ ಗೊತ್ತಾಗಿರುವ ಮನೆಗೆ ಇದು ನಿಜವಾದ ಉಳಿತಾಯ. ಏನೂ ಬೇಕಿಲ್ಲದ ಮನೆಗೆ ಅದೇ ರಿಯಾಯಿತಿ ಬರೀ ಖರ್ಚು. ಸೀರೆಯೂ ಒಂದೇ, ಬೆಲೆಯೂ ಒಂದೇ. ನಮ್ಮ ಅಗತ್ಯ ಮೊದಲು ಹುಟ್ಟಿತೋ, ಬೋರ್ಡು ಮೊದಲು ಕಣ್ಣಿಗೆ ಬಿತ್ತೋ ಎಂಬುದರ ಮೇಲೆ ಲಾಭ ನಷ್ಟ ನಿರ್ಧಾರವಾಗುತ್ತದೆ.

ನಾನು ಬೆಳೆದ ಮನೆಯಲ್ಲಿ ಅಮ್ಮ ತಿಂಗಳ ಕೊನೆಗೆ ಡಬ್ಬಿಗಳ ಮುಚ್ಚಳ ತೆಗೆದು ನೋಡಿ ಸಾಮಾನಿನ ಚೀಟಿ ಬರೆಯುತ್ತಿದ್ದರು. ಸಂಬಳ ಬಂದ ಮೇಲೆ ಅಪ್ಪ ಅದನ್ನು ಹಿಡಿದು ದಿನಸಿ ಅಂಗಡಿಗೆ ಹೋಗುತ್ತಿದ್ದರು. ಅಂಗಡಿಯವರು ಚೀಟಿ ನೋಡಿ ಕಟ್ಟಿಕೊಡುತ್ತಿದ್ದರು. ಬೇಕು ಅನ್ನಿಸುವುದಕ್ಕೂ ದುಡ್ಡು ಕೊಡುವುದಕ್ಕೂ ನಡುವೆ ಇಷ್ಟು ಹಂತಗಳಿದ್ದವು. ಎಷ್ಟೋ ಆಸೆಗಳು ಆ ಅಂತರದಲ್ಲೇ ತಾವಾಗಿ ಬಿದ್ದುಹೋಗುತ್ತಿದ್ದವು. ಈಗ ಸಾಮಾನು ಫೋನಿನಲ್ಲೇ ಕಾಣುತ್ತದೆ, ಯುಪಿಐ ಪಿನ್ ಒತ್ತಿದರೆ ಹಣ ಹೋಗುತ್ತದೆ, ನಗರಗಳಲ್ಲಿ ಕೆಲವೇ ನಿಮಿಷಗಳಲ್ಲಿ ವಸ್ತು ಬಾಗಿಲಿಗೆ ಬರುತ್ತದೆ. ಈ ಅನುಕೂಲ ನನಗೂ ಇಷ್ಟ. ಆದರೆ ಅದು ತೆಗೆದುಹಾಕಿದ ಅಂತರವನ್ನು ನಾವೇ ಮತ್ತೆ ಕಟ್ಟಿಕೊಳ್ಳಬೇಕು. ದುಡುಕಿನ ಖರೀದಿಗೆ ನನಗೆ ಗೊತ್ತಿರುವ ಮದ್ದು ಇದೊಂದೇ.

ನಮ್ಮ ಮನೆಯಲ್ಲಿ ಇದಕ್ಕೊಂದು ನೋಟ್‌ಬುಕ್ ಇದೆ. ದಿನಸಿ, ಔಷಧಿ, ಶಾಲೆ ಫೀಸು ಬಿಟ್ಟು ಬೇರೆ ಏನು ಬೇಕೆನಿಸಿದರೂ ಅದರ ಹೆಸರು, ಬೆಲೆ, ತಾರೀಖು ಬರೆಯುತ್ತೇವೆ. ಮುಂದಿನ ಸಂಬಳದ ದಿನ ಮನೆಯವರೆಲ್ಲ ಕೂತು ಓದುತ್ತೇವೆ. ಏರ್‌ ಫ್ರೈಯರ್ ಹೀಗೆ ಪಟ್ಟಿಗೆ ಬಂದಿತ್ತು. ತಂಗಿಯ ಮನೆಯಲ್ಲಿದ್ದದ್ದನ್ನು ಕೆಲವು ದಿನ ತಂದು ಬಳಸಿ ನೋಡಿದೆವು. ದೋಸೆ, ರೊಟ್ಟಿ, ಪಲ್ಯ, ಸಾರು ಮಾಡುವ ನಮ್ಮ ಅಡುಗೆಮನೆಯಲ್ಲಿ ಅದಕ್ಕೆ ಕೆಲಸವೇ ಇರಲಿಲ್ಲ, ಹೆಸರು ಹೊಡೆದುಹಾಕಿದೆವು. ಬೆನ್ನಿಗೆ ಆಧಾರ ಕೊಡುವ ಕುರ್ಚಿ ಮಾತ್ರ ತಿಂಗಳು ಕಳೆದರೂ ಪಟ್ಟಿಯಲ್ಲೇ ಉಳಿಯಿತು. ಅದನ್ನು ಕೂತು ನೋಡಿ, ವಾರಂಟಿ ಓದಿ, ಒಳ್ಳೆಯದನ್ನೇ ತಂದೆವು. ಕಾಯುವುದರಿಂದ ಬೇಡದ್ದು ಬಿಟ್ಟುಹೋಗುತ್ತದೆ, ಬೇಕಾದದ್ದಕ್ಕೆ ಧಾರಾಳವಾಗಿ ಕೊಡುವಷ್ಟು ಹಣ ಉಳಿಯುತ್ತದೆ.

ಕಾಯುವ ಹೊತ್ತಿನಲ್ಲಿ ಲೆಕ್ಕವನ್ನೂ ಹಾಕಬೇಕು. ‘ಶೇ 50ರ ಮೇಲೆ ಇನ್ನೂ ಶೇ 20’ ಎಂದರೆ ಶೇ 70 ಅಲ್ಲ. ₹1,000ದ ವಸ್ತು ಮೊದಲು ₹500ಕ್ಕೆ, ಆಮೇಲೆ ₹400ಕ್ಕೆ ಇಳಿಯುತ್ತದೆ. ಒಟ್ಟು ರಿಯಾಯಿತಿ ಶೇ 60. ₹600ರ ಅಂಗಿಗೆ ‘ಎರಡು ಕೊಂಡರೆ ಒಂದು ಉಚಿತ’ ಎಂದಿದ್ದರೆ, ಒಂದೇ ಅಂಗಿ ಬೇಕಿದ್ದವರ ಕೈಯಿಂದ ₹600 ಹೆಚ್ಚಿಗೆ ಹೋಗುತ್ತದೆ. ₹40ರ ಡೆಲಿವರಿ ಶುಲ್ಕ ಉಳಿಸಲು ₹150ರ ಬಿಸ್ಕತ್ತು ಸೇರಿಸುವುದೂ ಇದೇ ಲೆಕ್ಕ. ಎಂಆರ್‌ಪಿ ಎಂದರೆ ಮಾರಬಹುದಾದ ಗರಿಷ್ಠ ಬೆಲೆ. ಅದಕ್ಕಿಂತ ಎಷ್ಟು ಕಡಿಮೆ ಎಂಬುದಕ್ಕಿಂತ ಪಕ್ಕದ ಅಂಗಡಿಯಲ್ಲಿ ಎಷ್ಟಿದೆ ಎಂಬುದು ಮುಖ್ಯ. ಪೊಟ್ಟಣದ ಮೇಲೆ ಗ್ರಾಂ ಅಥವಾ ಕೆಜಿ ಲೆಕ್ಕದ ಬೆಲೆಯೂ ಇರುತ್ತದೆ; ದೊಡ್ಡ ಪ್ಯಾಕೆಟ್ಟೇ ಅಗ್ಗ ಎಂದುಕೊಳ್ಳುವ ಮೊದಲು ಅದನ್ನು ಓದಿ.

ಕಂತಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ₹24,000ದ ಫೋನನ್ನು ‘ನೋ ಕಾಸ್ಟ್ ಇಎಂಐ’ನಲ್ಲಿ ಆರು ತಿಂಗಳಿಗೆ ಕೊಳ್ಳುತ್ತೀರಿ ಎನ್ನಿ. ಬ್ಯಾಂಕಿನ ಬಡ್ಡಿ ವರ್ಷಕ್ಕೆ ಶೇ 15 ಇದ್ದರೆ ಆರು ಕಂತಿನೊಳಗೆ ಸುಮಾರು ₹1,000 ಬಡ್ಡಿ ಇರುತ್ತದೆ. ಮಾರುವವರು ಅಷ್ಟನ್ನು ರಿಯಾಯಿತಿಯಾಗಿ ಬಿಟ್ಟರೂ ಆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ, ಸುಮಾರು ₹180, ನಮ್ಮ ಬಿಲ್ಲಿಗೇ ಬರುತ್ತದೆ. ಸಂಸ್ಕರಣಾ ಶುಲ್ಕ ₹199 ಇದ್ದರೆ ಅದಕ್ಕೂ ತೆರಿಗೆ ಸೇರುತ್ತದೆ. ಹೀಗೆ ₹400ರ ಆಸುಪಾಸು ಹೆಚ್ಚಾಗುತ್ತದೆ. ಕ್ರೆಡಿಟ್ ಕಾರ್ಡಿನಲ್ಲಿ ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿ ₹20,000 ಬಾಕಿ ಉಳಿಸಿದರೆ, ತಿಂಗಳಿಗೆ ಶೇ 3.5ರ ಲೆಕ್ಕದಲ್ಲಿ ₹700 ಬಡ್ಡಿಯೇ ಆಯಿತು. ಬಾಕಿ ತೀರುವವರೆಗೆ ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಸಿಗುವುದಿಲ್ಲ. ಎಂಥ ರಿಯಾಯಿತಿಯನ್ನೂ ಈ ಬಡ್ಡಿ ತಿಂದುಹಾಕುತ್ತದೆ.

ಕೊಂಡವರದೇ ತಪ್ಪು, ಮನಸ್ಸು ಗಟ್ಟಿ ಇರಬೇಕಿತ್ತು ಎಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮನ್ನು ಅವಸರಪಡಿಸುವಂತೆಯೇ ಎಷ್ಟೋ ಆ್ಯಪ್‌ಗಳು ರೂಪುಗೊಂಡಿವೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಇಂಥ 13 ಬಗೆಯ ತಂತ್ರಗಳನ್ನು ಹೆಸರಿಸಿ ನಿಷೇಧಿಸಿದೆ. ‘ಇನ್ನು ಎರಡೇ ಉಳಿದಿವೆ’ ಎಂಬ ಸುಳ್ಳು ಅವಸರ, ಕೇಳದೆಯೇ ಬುಟ್ಟಿಗೆ ವಿಮೆ ಅಥವಾ ದೇಣಿಗೆ ಸೇರಿಸುವುದು, ಹಣ ಕಟ್ಟುವ ಕೊನೆ ಹಂತದಲ್ಲಿ ಹೊಸ ಶುಲ್ಕ ತೋರಿಸುವುದು, ಸುಲಭವಾಗಿ ಬಿಡಿಸಿಕೊಳ್ಳಲಾಗದ ಚಂದಾದಾರಿಕೆ ಎಲ್ಲವೂ ಅದರಲ್ಲಿವೆ. ಇವು ಎದುರಾದರೆ ಪರದೆಯ ಚಿತ್ರ ತೆಗೆದಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.

ಫೋನಿನಲ್ಲೂ ಕೆಲವು ಬದಲಾವಣೆ ಮಾಡಿಕೊಂಡರೆ ಅಂತರ ತಾನಾಗಿ ಹುಟ್ಟುತ್ತದೆ. ಖರೀದಿ ಆ್ಯಪ್‌ಗಳ ಸೂಚನೆಗಳನ್ನು ನಿಲ್ಲಿಸಿ, ಉಳಿಸಿಟ್ಟ ಕಾರ್ಡಿನ ವಿವರ ಅಳಿಸಿ. ಯುಪಿಐ ಆ್ಯಪ್‌ನ ಆಟೋಪೇ ಪಟ್ಟಿ ತೆರೆದು, ಬಳಸದ ಚಂದಾಗಳನ್ನು ರದ್ದು ಮಾಡಿ. ನಾನು ಯುಪಿಐಗೆಂದೇ ಬೇರೆ ಖಾತೆ ಇಟ್ಟಿದ್ದೇನೆ. ತಿಂಗಳ ಮೊದಲಿಗೆ ಅದಕ್ಕೆ ನಿಗದಿತ ಮೊತ್ತ ಹಾಕುತ್ತೇನೆ; ಅದು ಕರಗುತ್ತ ಬಂದರೆ ಕಣ್ಣಿಗೇ ಕಾಣುತ್ತದೆ.

ಇಷ್ಟೆಲ್ಲ ಹೇಳಿದ್ದು ಆಸೆಪಡಬೇಡಿ ಎಂಬ ಅರ್ಥದಲ್ಲಿ ಅಲ್ಲವೇ ಅಲ್ಲ. ಅಮ್ಮನಿಗೆ ಮೈಸೂರು ರೇಷ್ಮೆ ಸೀರೆ ಕೊಡಿಸಬೇಕೆಂದು ಒಂದು ಸಂಕ್ರಾಂತಿಗೆ ತೀರ್ಮಾನಿಸಿ, ಬ್ಯಾಂಕಿನಲ್ಲಿ ಆರ್‌.ಡಿ. ಶುರುಮಾಡಿದ್ದೆ. ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ ಹಣ ಕೂಡಿತು. ಅಮ್ಮ ಬಣ್ಣ, ಅಂಚು ನೋಡಿ ನಿಧಾನವಾಗಿ ಆರಿಸಿಕೊಂಡರು. ಪೂರ್ತಿ ಹಣ ಒಮ್ಮೆಗೇ ಕೊಟ್ಟು ಬಂದೆವು, ಕಂತಿನ ಚಿಂತೆ ಇರಲಿಲ್ಲ. ಈ ತಿಂಗಳು ನೀವೂ ನಿಮ್ಮ ಮನೆಯವರ ಜೊತೆ ಕೂತು, ನಿಜವಾಗಿ ಬೇಕಾದ ಒಂದು ವಸ್ತುವಿನ ಹೆಸರು ಬರೆದು, ಅದಕ್ಕೆಂದೇ ಹಣ ಎತ್ತಿಡಲು ಶುರುಮಾಡಿ. ಮುಂದೆ ಯಾವ ರಿಯಾಯಿತಿ ಕಂಡರೂ, ಈ ಹಣವನ್ನು ಅಲ್ಲಿಗೆ ಕೊಡಬೇಕೇ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಉತ್ತರವೂ ಅಷ್ಟೇ ಬೇಗ ಸಿಗುತ್ತದೆ.