ಹೆಸರಿಡುವ ಮುನ್ನ ನಿಘಂಟು ತೆರೆಯಿರಿ

ಮಗುವಿನ ಹೆಸರಿಗಾಗಿ ಮೊಬೈಲಿನ ಪಟ್ಟಿಗಳನ್ನಷ್ಟೇ ನಂಬಬೇಡಿ. ಅಲ್ಲಿ ಕೊಟ್ಟ ಅರ್ಥ ನಿಜವೇ ಎಂದು ಒಮ್ಮೆ ನಿಘಂಟಿನಲ್ಲಿ ನೋಡಿ. 1894ರ ಕಿಟೆಲ್ ನಿಘಂಟು ಇಂದಿಗೂ ಕೈಬಿಡದು. ನಮ್ಮದೇ ಮಾತಿನಲ್ಲಿ ಎಂಥ ಚೆಲುವಿದೆ! ಇನಿದಾದ ಸರ, ಅಂದರೆ ಸವಿದನಿ, ಸೇರಿ ‘ಇಂಚರ’ವಾಯಿತು. ನೇಸರನೆಂದರೆ ಸೂರ್ಯ. ಹತ್ತನೆಯ ಶತಮಾನದ ಕವಿ ಪೊನ್ನ, ಹದಿನೇಳನೆಯ ಶತಮಾನದ ಸಂಚಿ ಹೊನ್ನಮ್ಮ, ಇಬ್ಬರ ಹೆಸರಲ್ಲೂ ಇರುವುದು ಒಂದೇ ಚಿನ್ನ. ಹಳಗನ್ನಡದ ಪಕಾರ ಹಕಾರವಾಯಿತು, ಅಷ್ಟೇ. ಅಜ್ಜಿಯ ಹೆಸರನ್ನು ‘ಹಳೇದು’ ಎಂದು ತಳ್ಳುವ ಮುನ್ನ ಅದರ ಅರ್ಥ ಕೇಳಿ ನೋಡಿ.

ಅವಸರ ಬೇಡ. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು, ನಿಜ. ಆದರೆ ಹೆಸರನ್ನು ನೋಂದಣಿಯಾದ 12 ತಿಂಗಳವರೆಗೆ ಶುಲ್ಕವಿಲ್ಲದೆ ಸೇರಿಸಬಹುದು.