ಬಂಧಿತನ ರಕ್ಷಣೆ: ಪೊಲೀಸರ ಹೊಣೆ

ನವಿ ಮುಂಬಯಿಯ ಸೀವುಡ್ಸ್‌ನಲ್ಲಾಗಲಿ, ಕರ್ನಾಟಕದ ಯಾವುದೇ ಊರಿನಲ್ಲಾಗಲಿ, ಬಂಧಿತನ ಜೀವದ ಹೊಣೆ ಪೊಲೀಸರದು. ಸಂವಿಧಾನದ 21ನೆಯ ಅನುಚ್ಛೇದವು ನೀಡಿರುವ ಬದುಕುವ ಹಕ್ಕು ಠಾಣೆಯ ಬಾಗಿಲಲ್ಲಿ ಕೊನೆಗೊಳ್ಳುವುದಿಲ್ಲ.

1996ರ ಡಿಸೆಂಬರ್ 18ರಂದು ಡಿ.ಕೆ. ಬಸು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 11 ನಿರ್ದೇಶನಗಳನ್ನು ನೀಡಿತು. ಅವುಗಳ ಪ್ರಕಾರ ಬಂಧಿಸುವ ಅಧಿಕಾರಿಯು ಹೆಸರುಪಟ್ಟಿ ಧರಿಸಿರಬೇಕು; ಸಾಕ್ಷಿಯ ಸಹಿಯುಳ್ಳ ಬಂಧನಪತ್ರವನ್ನು ಸಿದ್ಧಪಡಿಸಬೇಕು; ಬಂಧುವಿಗೆ ಸುದ್ದಿ ತಿಳಿಸಬೇಕು; 48 ಗಂಟೆಗಳಿಗೊಮ್ಮೆ ವೈದ್ಯಕೀಯ ತಪಾಸಣೆ ಮಾಡಿಸಬೇಕು. ಪ್ರಯಾಣದ ಅವಧಿಯನ್ನು ಬಿಟ್ಟು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದು ಕಡ್ಡಾಯ.

ಬಂಧನದಲ್ಲಿ ಸಾವು ಸಂಭವಿಸಿದರೆ 24 ಗಂಟೆಗಳೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ವರದಿ ಹೋಗಬೇಕು. ಮ್ಯಾಜಿಸ್ಟ್ರೇಟರು ವಿಚಾರಣೆ ನಡೆಸಬೇಕು. ಪೊಲೀಸರೇ ತಮ್ಮ ಮೇಲಿನ ಆರೋಪಕ್ಕೆ ತೀರ್ಪುಗಾರರಾಗಬಾರದೆಂಬುದೇ ಇದರ ಉದ್ದೇಶ. ಮಹಾರಾಷ್ಟ್ರದಲ್ಲಿ ರಾಜ್ಯ ಪೊಲೀಸ್ ದೂರು ಪ್ರಾಧಿಕಾರಕ್ಕೂ ದೂರು ಸಲ್ಲಿಸಬಹುದು. ಆದುದರಿಂದ ಬಂಧನದ ದಿನ, ವೇಳೆ, ಠಾಣೆ, ಅಧಿಕಾರಿಯ ಹೆಸರು ಇವುಗಳನ್ನು ಬಂಧುಗಳು ಒಡನೆಯೇ ಬರೆದಿಟ್ಟುಕೊಳ್ಳಬೇಕು.