ಕೌದಿಯಲ್ಲಿ ಚಿತ್ರ

ಇಲ್ಲಿ ಬೊಂತವೆನ್ನುವುದು ನಮ್ಮೂರ ಕೌದಿಯೇ. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರು ಅದನ್ನು ಅಂಚಿನಿಂದ ಸುತ್ತು ಸುತ್ತಾಗಿ ಒಳಕ್ಕೆ ಹೊಲಿದು, ಮೂಲೆಗಳಿಗೆ ಮಡಿಸಿದ ಬಟ್ಟೆಯ ‘ಫೂಲ’ ಹಚ್ಚುತ್ತಾರೆ. ಕ್ರೈಸ್ತರು ಶಿಲುಬೆಯನ್ನೂ ಮುಸ್ಲಿಮರು ಅರ್ಧಚಂದ್ರವನ್ನೂ ಇಡುವುದುಂಟು.

ಮನುಷ್ಯರ ಚಿತ್ರವನ್ನೂ ಹೀಗೆ ಹಚ್ಚಬಹುದು. ಚಿತ್ರವನ್ನು ಕಾಗದದ ಮೇಲೆ ಬರೆದು ಭಾಗಭಾಗವಾಗಿ ಕತ್ತರಿಸಿರಿ. ಅವನ್ನು ಹಳೆಯ ಬಟ್ಟೆಯ ಮೇಲಿಟ್ಟು, ಸುತ್ತಲೂ ಕಾಲು ಅಂಗುಲ ಹೆಚ್ಚಿಗೆ ಬಿಟ್ಟು ಬಟ್ಟೆ ಕತ್ತರಿಸಿರಿ. ಹೆಚ್ಚಿನ ಅಂಚನ್ನು ಒಳಕ್ಕೆ ಮಡಿಸಿ ಹೊಲಿಯಿರಿ. ಕೆಳಗಿನ ತುಂಡು ಮೊದಲು, ಮೇಲಿನದು ಆಮೇಲೆ: ಮುಖವಾದ ಮೇಲೆ ಸೆರಗು.

ತೀರಿಕೊಂಡ ಅವ್ವನ ಇಳಕಲ್ ಸೀರೆಯಿಂದ ನಾವು ಅವಳ ಚಿತ್ರವನ್ನೇ ಹೊಲಿದೆವು. ಮುಖ ಹೋಲಲಿಲ್ಲ. ಆದರೂ ಸೆರಗು ಹೊದ್ದ ರೀತಿ ಕಂಡು ತಂಗಿ, “ಅವ್ವನೇ ಅಲ್ಲವೇನೋ ಅಣ್ಣಾ!” ಎಂದಳು. ಊರಿಂದ ಬಂದ ಹಳೆಯ ಸೀರೆಯನ್ನು ಪಾತ್ರೆಯವನಿಗೆ ಕೊಡುವ ಮುನ್ನ ಯೋಚಿಸಿರಿ.